ಡಿಸೆಂಬರಿನಲ್ಲಿ ಗೆದ್ದ ತಂಡ ಜನವರಿಯಲ್ಲಿ ಯಾಕೆ ಸೋಲುತ್ತದೆ?

ಪ್ರಶ್ನೆ: ನಾವು ಮೂಲತಃ ಹಾಸನದವರು. ಇಪ್ಪತ್ತೆರಡು ವರ್ಷದಿಂದ ಅಮೆರಿಕದ ಮಿಡ್‌ವೆಸ್ಟ್‌ನಲ್ಲಿದ್ದೇವೆ. ಮಗ ನಮ್ಮದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ವಾಕ್-ಆನ್. ಅಂದರೆ ಸ್ಕಾಲರ್‌ಶಿಪ್ ಇಲ್ಲ, ಫೀಸು ನಾವೇ ಕಟ್ಟುತ್ತೇವೆ. ಕ್ರಿಸ್‌ಮಸ್‌ವರೆಗೆ ತಂಡ 12ರಲ್ಲಿ 10 ಪಂದ್ಯ ಗೆದ್ದಿತ್ತು. ಕಾನ್ಫರೆನ್ಸ್ ಪಂದ್ಯಗಳು, ಅಂದರೆ ನಮ್ಮದೇ ಲೀಗಿನ ಕಾಲೇಜುಗಳ ಜೊತೆಗಿನವು, ಶುರುವಾದ ಮೇಲೆ 8ರಲ್ಲಿ 6 ಸೋತಿದೆ. ಸೋತ ಆರರಲ್ಲಿ ನಾಲ್ಕು ಬೇರೆ ಊರಲ್ಲಿ ಆಡಿದ್ದು, ಮೂರು ನಾಲ್ಕೇ ಪಾಯಿಂಟ್ ಒಳಗೆ ಹೋಗಿದ್ದು. ಪಕ್ಕದ ಸೀಟಿನವರೆಲ್ಲ ಹೇಳುವುದು ಒಂದೇ: ಕೋಚ್ ಮಾತು ಹುಡುಗರು ಕೇಳುತ್ತಿಲ್ಲ, ದುಡ್ಡು ಬಂದ ಮೇಲೆ ಯಾರಿಗೂ ಆಟ ಬೇಡ, ಕೋಚನ್ನು ತೆಗೆದುಹಾಕಬೇಕು ಅಂತ. ನಿಜವೇ? ನನ್ನ ಮಗ ಈ ಸೀಸನ್‌ನಲ್ಲಿ ಒಂದು ನಿಮಿಷವೂ ಆಡಿಲ್ಲ. ಸೋಲುವ ತಂಡದಲ್ಲಿ ಬೆಂಚು ಕಾಯುವ ಬದಲು ಪೋರ್ಟಲ್‌ಗೆ (ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿ) ಹೆಸರು ಕೊಟ್ಟು ಬೇರೆ ಕಾಲೇಜಿಗೆ ಹೋಗು ಅಂತ ನಾನು. "ಸುಮ್ನಿರಪ್ಪ, ನಿಂಗೆ ಗೊತ್ತಾಗಲ್ಲ" ಅಂತ ಅವನು. ಮನೆಯಲ್ಲಿ ಇದೇ ಜಗಳ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿವೆ. ತಂಡ ಕೆಟ್ಟುಹೋಯಿತೇ ಅನ್ನುವುದು ಒಂದು. ಮಗನ ವರ್ಷ ಹಾಳಾಗುತ್ತಿದೆಯೇ ಅನ್ನುವುದು ಇನ್ನೊಂದು. ಮೊದಲನೆಯದನ್ನು ಬಿಡಿಸಿದರೆ ಎರಡನೆಯದು ಅರ್ಧ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ನಾನು ಹನ್ನೊಂದು ವರ್ಷ ಅಮೆರಿಕದ ಕಾಲೇಜು ತಂಡಗಳಲ್ಲಿ ಇದ್ದವನು. ಮೊದಲು ವಿಡಿಯೊ ಕೆಲಸ, ಆಮೇಲೆ ಅಸಿಸ್ಟೆಂಟ್ ಕೋಚ್. ಜನವರಿ ತಿಂಗಳಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದ ನೆನಪು ನನಗಿಲ್ಲ.

ಮೊದಲು ಆ 12ರಲ್ಲಿ 10ರ ಲೆಕ್ಕ. ನವೆಂಬರ್, ಡಿಸೆಂಬರ್ ಪಂದ್ಯಗಳ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಆ ಪಟ್ಟಿ ಮಾಡುವುದು ಕಾಲೇಜೇ, ಬಹಳಷ್ಟು ಸಲ ಕೋಚೇ. ದೊಡ್ಡ ಕಾಲೇಜುಗಳು ಸಣ್ಣ ಕಾಲೇಜಿಗೆ ದುಡ್ಡು ಕೊಟ್ಟು ಮನೆಗೆ ಕರೆಸಿ ಸೋಲಿಸುತ್ತವೆ. ಇದಕ್ಕೆ ಬಯ್ ಗೇಮ್ ಅಂತಲೇ ಹೆಸರು. ಒಂದು ಸಂಜೆಯ ಸೋಲಿಗೆ 80–90 ಸಾವಿರ ಡಾಲರ್‌ವರೆಗೂ ಸಿಗುತ್ತದೆ. ಸಣ್ಣ ಕಾಲೇಜಿನ ಕ್ರೀಡಾ ಬಜೆಟ್ಟಿಗೆ ಅದು ದೊಡ್ಡ ಆಸರೆ. ನಿಮ್ಮ ಮಗನ ತಂಡದಂಥ ಮಧ್ಯಮ ತಂಡಗಳು ಒಂದೆರಡು ಕಡೆ ದುಡ್ಡಿಗಾಗಿ ಹೋಗಿ ಒದೆ ತಿಂದು ಬರುತ್ತವೆ, ಉಳಿದಂತೆ ತಮಗಿಂತ ಚಿಕ್ಕವರನ್ನು ಮನೆಗೆ ಕರೆಯುತ್ತವೆ. ನೀವು ಸೋತ ಆ ಎರಡು ಯಾವುವು, ಗೆದ್ದ ಹತ್ತರಲ್ಲಿ ಎಷ್ಟು ಮನೆಯಲ್ಲೇ ಆಡಿದ್ದು ಅಂತ ನೋಡಿದರೆ ಡಿಸೆಂಬರಿನ ಹೊಳಪು ಸ್ವಲ್ಪ ಇಳಿಯುತ್ತದೆ.

ಕಾನ್ಫರೆನ್ಸ್ ಪಟ್ಟಿ ಹಾಗಲ್ಲ. ಅದನ್ನು ಲೀಗ್ ಆಫೀಸು ಮಾಡುತ್ತದೆ, ಆರಿಸಿಕೊಳ್ಳುವ ಮಾತೇ ಇಲ್ಲ. ಇನ್ನೊಂದು ಸರಳ ಲೆಕ್ಕವನ್ನು ಜನ ಮರೆಯುತ್ತಾರೆ. ಲೀಗಿನೊಳಗೆ ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಎಲ್ಲ ತಂಡಗಳೂ ಹೊರಗೆ 12ರಲ್ಲಿ 10 ಗೆದ್ದು ಬಂದಿದ್ದರೂ, ಒಳಗೆ ಬಂದ ಮೇಲೆ ಒಟ್ಟು ಗೆಲುವು ಸೋಲು ಸರಿಸಮ. ಡಿಸೆಂಬರಿನಲ್ಲಿ ಎಲ್ಲರ ಮನೆಯಲ್ಲೂ ಹಬ್ಬ, ಜನವರಿಯಲ್ಲಿ ಅರ್ಧ ಮನೆಯಲ್ಲಿ ಸೂತಕ.

ಆದರೆ ಇದಿಷ್ಟೇ ಆಗಿದ್ದರೆ ದೊಡ್ಡ ತಂಡಗಳು ಜನವರಿಯಲ್ಲಿ ಮುಗ್ಗರಿಸಬಾರದಿತ್ತು ಅಲ್ವಾ? ಅವೂ ಮುಗ್ಗರಿಸುತ್ತವೆ. ನನಗೆ ತುಂಬ ಇಷ್ಟವಾದ ಉದಾಹರಣೆ 2022–23ರ ಕನೆಕ್ಟಿಕಟ್, ಎಲ್ಲರೂ ಯುಕಾನ್ ಅನ್ನುವ ತಂಡ. ಡ್ಯಾನ್ ಹರ್ಲಿ ಕೋಚ್. ಮೊದಲ 14 ಪಂದ್ಯ ಸೋಲೇ ಇಲ್ಲ. ಡಿಸೆಂಬರ್ 31ಕ್ಕೆ ತಮ್ಮದೇ ಕಾನ್ಫರೆನ್ಸ್‌ನ ಜೇವಿಯರ್ ಕಾಲೇಜಿನ ಊರಿಗೆ ಹೋಗಿ ಸೋತರು. ಅದೂ ಸೇರಿ 8 ಪಂದ್ಯದಲ್ಲಿ 6 ಸೋಲು. ನಿಮ್ಮ ತಂಡದ್ದೇ ಅಂಕಿ! ಬಿಗ್ ಈಸ್ಟ್ ಕಾನ್ಫರೆನ್ಸ್‌ನಲ್ಲಿ 13 ಗೆದ್ದು 7 ಸೋತು ನಾಲ್ಕನೇ ಸ್ಥಾನಕ್ಕೆ ಇಳಿದರು. ಕಾನ್ಫರೆನ್ಸ್ ಟೂರ್ನಿಯಲ್ಲೂ ಸೆಮಿಫೈನಲ್‌ನಲ್ಲಿ ಔಟ್. ಆಮೇಲೆ ಮಾರ್ಚ್‌ನಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಟೂರ್ನಿಯ ಆರೂ ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದರು. ಫೈನಲ್‌ನಲ್ಲಿ ಸ್ಯಾನ್ ಡಿಯೇಗೊ ಸ್ಟೇಟ್ ಎದುರು 76–59.

ಇದರೊಳಗಿನ ಒಂದು ಅಂಕಿಯನ್ನು ನಾನು ಹೊಸ ಹುಡುಗರಿಗೆ ಯಾವಾಗಲೂ ಹೇಳುತ್ತಿದ್ದೆ. ಆ ಸೀಸನ್‌ನಲ್ಲಿ ಯುಕಾನ್ ತನ್ನ ಕಾನ್ಫರೆನ್ಸ್ ಹೊರಗಿನ ತಂಡಗಳ ಜೊತೆ 17 ಪಂದ್ಯ ಆಡಿತು, ಮಾರ್ಚ್‌ನ ಆರೂ ಸೇರಿ. ಹದಿನೇಳನ್ನೂ 10 ಪಾಯಿಂಟ್‌ಗಿಂತ ಕಡಿಮೆ ಇಲ್ಲದ ಅಂತರದಲ್ಲಿ ಗೆದ್ದಿತು. ಸೋತ ಎಂಟೂ ಸ್ವಂತ ಕಾನ್ಫರೆನ್ಸ್‌ನವರ ಕೈಯಲ್ಲಿ. ಅದೇ ಹುಡುಗರು, ಅದೇ ಕೋಚ್. ಬದಲಾಗಿದ್ದು ಎದುರಿನವರಿಗೆ ಇವರ ಬಗ್ಗೆ ಎಷ್ಟು ಗೊತ್ತಿತ್ತು ಅನ್ನುವುದು. ದಾಯಾದಿಗಳಿಗೆ ಮನೆಯ ಗುಟ್ಟೆಲ್ಲ ಗೊತ್ತಿರುತ್ತದೆ ನೋಡಿ, ಹಾಗೆ.

ಈ ಗೊತ್ತಿರುವುದು ಅಂಗಣದಲ್ಲಿ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ. ನಾನಿದ್ದ ಒಂದು ತಂಡದಲ್ಲಿ ಒಳ್ಳೆಯ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವನು, ಇದ್ದ. ಸೆಂಟರ್ ಹುಡುಗ ಬಂದು ಸ್ಕ್ರೀನ್ ಹಾಕಿದರೆ, ಅಂದರೆ ಡಿಫೆಂಡರ್‌ಗೆ ಅಡ್ಡ ನಿಂತರೆ, ಇವನು ಬಲಕ್ಕೆ ಹೊರಳಿ, ಎರಡೇ ಡ್ರಿಬಲ್, ನಿಂತು ಶಾಟ್. ನವೆಂಬರಿನಲ್ಲಿ ಅದನ್ನು ತಡೆಯುವವರೇ ಇರಲಿಲ್ಲ. ಜನವರಿಯಲ್ಲಿ ಎದುರಿನ ಡಿಫೆಂಡರ್ ಮೊದಲೇ ಇವನ ಬಲ ಸೊಂಟದ ಹತ್ತಿರ ನಿಂತು ದಾರಿ ಮುಚ್ಚಿಬಿಡುತ್ತಿದ್ದ. ಎಡಕ್ಕೆ ಹೋಗಬೇಕು. ಎಡಗೈ ಅಷ್ಟು ಚುರುಕಿಲ್ಲ. ಚೆಂಡು ಹಿಂದಕ್ಕೆ ಬರುತ್ತದೆ, ಮತ್ತೊಬ್ಬನಿಗೆ ಹೋಗುತ್ತದೆ. ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ 30 ಸೆಕೆಂಡ್, ಅಷ್ಟರೊಳಗೆ ಶಾಟ್ ಹೊಡೆಯಲೇಬೇಕು. ಮೊದಲ ಯೋಜನೆ ಕೆಟ್ಟು ಎರಡನೆಯದು ಶುರುವಾಗುವಷ್ಟರಲ್ಲಿ ಹತ್ತು ಸೆಕೆಂಡ್ ಉಳಿದಿರುತ್ತದೆ. ಆಗ ಯಾರೋ ಒಬ್ಬ ದೂರದಿಂದ ಆತುರದ ಶಾಟ್ ಹೊಡೆಯುತ್ತಾನೆ. ಪಕ್ಕದ ಸೀಟಿನವರು "ಸ್ವಾರ್ಥಿ" ಅನ್ನುತ್ತಾರೆ. ಅವನು ಸ್ವಾರ್ಥಿ ಅಲ್ಲ, ಅವನಿಗೆ ಟೈಮೇ ಉಳಿದಿರಲಿಲ್ಲ.

ಅದೇ ವರ್ಷ ಒಂದು ಪಂದ್ಯದಲ್ಲಿ ನಮ್ಮ ಗಾರ್ಡ್ ಮುಷ್ಟಿ ಎತ್ತಿ ಸಂಕೇತ ಕೊಟ್ಟ ಕೂಡಲೇ ಎದುರು ಬೆಂಚಿನ ಅಸಿಸ್ಟೆಂಟ್ ಎದ್ದು ನಿಂತು ನಮ್ಮ ಪ್ಲೇ (ಮೊದಲೇ ಕಲಿತಿಟ್ಟ ಆಟದ ಯೋಜನೆ) ಹೆಸರನ್ನೇ ಕೂಗಿದ. ನಮ್ಮ ಸೆಂಟರಿಗಿಂತ ಮೊದಲು ಅವರ ಸೆಂಟರ್ ಜಾಗಕ್ಕೆ ಹೋಗಿ ನಿಂತಿದ್ದ. ಮುಂದಿನ ವಾರ ನಾನೇ ಬುದ್ಧಿವಂತಿಕೆ ಮಾಡಿ ಸಂಕೇತ ಎಲ್ಲ ಬದಲಾಯಿಸೋಣ ಅಂದೆ. ಮುಷ್ಟಿ ಬೇಡ, ಕಿವಿ ಮುಟ್ಟೋಣ. ಪಂದ್ಯದ ಕೊನೆಯ ನಿಮಿಷ, ಗಾರ್ಡ್ ಕಿವಿ ಮುಟ್ಟಿದ. ನಮ್ಮ ಸೆಂಟರ್ ಹುಡುಗನಿಗೆ ಮರೆತೇ ಹೋಗಿತ್ತು. ಅವನು ಎಡಕ್ಕೆ ಹೋದ, ಚೆಂಡು ಬಲಕ್ಕೆ ಹೋಯಿತು, ಯಾರೂ ಇಲ್ಲದ ಜಾಗದಿಂದ ಉರುಳಿ ಎದುರಾಳಿ ಬೆಂಚಿನ ಕಾಲಡಿ ನಿಂತಿತು. ಎರಡು ಪಾಯಿಂಟ್‌ನಲ್ಲಿ ಸೋತೆವು. ಮಾರನೇ ದಿನ ಜನ ಬೈದದ್ದು ಹೆಡ್ ಕೋಚನ್ನು. ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಪುಣ್ಯ.

ಇನ್ನು ಬೇರೆ ಊರಿನ ಸೋಲು. ಕಾನ್ಫರೆನ್ಸ್ ಪಂದ್ಯಗಳಲ್ಲಿ ಮನೆಯಲ್ಲಿ ಆಡುವ ತಂಡ ಸುಮಾರು ಹತ್ತರಲ್ಲಿ ಆರು ಸಲ ಗೆಲ್ಲುತ್ತದೆ. ಜನ ರೆಫರಿಗಳನ್ನು ಬೈಯುತ್ತಾರೆ. ಕೂಗಾಟದ ನಡುವೆ ರೆಫರಿಯೂ ಮನುಷ್ಯನೇ, ಅದು ಸ್ವಲ್ಪ ನಿಜ. ಆದರೆ ಪ್ರಯಾಣ, ಹೋಟೆಲ್ ನಿದ್ದೆ, ಬಸ್ಸಿನಲ್ಲೇ ಓದಿ ಬರೆಯುವ ಪರೀಕ್ಷೆ ಇವೆಲ್ಲ ಸೇರಿ ಮಾಡುವ ಹಾನಿ ಕಣ್ಣಿಗೆ ಕಾಣುವುದಿಲ್ಲ. ಕೆಲವು ಕಡೆ ಗಾಳಿಯೇ ಬೇರೆ. ವಯೋಮಿಂಗ್ ವಿಶ್ವವಿದ್ಯಾಲಯದ ಅಂಗಣ ಲಾರಮಿಯಲ್ಲಿ 7,220 ಅಡಿ ಎತ್ತರದಲ್ಲಿದೆ. ಬಂದವರು ಓದಿಕೊಳ್ಳಲಿ ಅಂತ ಆ ಅಂಕಿಯನ್ನು ನೆಲದ ಮೇಲೇ ಬರೆದಿದ್ದಾರೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಲಾರಮಿ 2,200. ಕರ್ನಾಟಕದ ಅತಿ ಎತ್ತರದ ಬೆಟ್ಟಕ್ಕಿಂತ ಮೇಲೆ ನಿಂತು 40 ನಿಮಿಷ ಓಡಬೇಕು. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಆಡಿದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯ ಇರುವ ಫ್ಲ್ಯಾಗ್‌ಸ್ಟಾಫ್ ಊರೂ ಸುಮಾರು 2,100 ಮೀಟರ್ ಎತ್ತರದ್ದೇ. ಮನೆಯವರಿಗೆ ಅಲ್ಲಿ ಉಸಿರು ಸಲೀಸು, ಬಂದವರಿಗೆ ಎರಡನೇ ಅರ್ಧದಲ್ಲಿ ಕಾಲು ಸೀಸದ ಹಾಗೆ. ನಿಮ್ಮ ಮಿಡ್‌ವೆಸ್ಟ್‌ನಲ್ಲಿ ಬೆಟ್ಟ ಇಲ್ಲ, ಅದರ ಬದಲು ಹಿಮ ಮತ್ತು ಆರು ಗಂಟೆಯ ಬಸ್ಸು ಇದೆ.

ಹೀಗಾಗಿ ನೀವು ಬರೆದ ನಾಲ್ಕು ಹೊರಗಿನ ಸೋಲು, ನಾಲ್ಕೇ ಪಾಯಿಂಟ್ ಒಳಗಿನ ಮೂರು ಸೋಲು ನನ್ನನ್ನು ಹೆದರಿಸುವುದಿಲ್ಲ. ನಾಲ್ಕು ಪಾಯಿಂಟ್ ಅಂದರೆ ಎರಡು ಬುಟ್ಟಿ. ಚೆಂಡು ರಿಂಗಿನ ಮೇಲೆ ಎರಡು ಸಲ ಹೊರಗೆ ಉರುಳಿದ್ದು ಅಷ್ಟೇ.

ದುಡ್ಡಿನ ವಿಷಯಕ್ಕೆ ಬರೋಣ. ಇದು ಪೂರ್ತಿ ಸುಳ್ಳಲ್ಲ. 2025ರ ಜೂನ್‌ನಲ್ಲಿ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ ಕೋರ್ಟ್ ಒಪ್ಪಿಗೆ ಕೊಟ್ಟ ಮೇಲೆ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಎಲ್ಲ ಆಟ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ದೊಡ್ಡ ಫುಟ್‌ಬಾಲ್ ಕಾಲೇಜುಗಳು ಮಿತಿಯವರೆಗೂ ಖರ್ಚು ಮಾಡುತ್ತವೆ, ನಿಮ್ಮಂಥ ಕಡೆ ಅದರ ಸಣ್ಣ ಪಾಲೂ ಇರುವುದಿಲ್ಲ. ಒಂದೇ ರೂಮಿನಲ್ಲಿ ಒಬ್ಬನಿಗೆ ಕೈತುಂಬ ಹಣ, ಇನ್ನೊಬ್ಬನಿಗೆ ಏನೂ ಇಲ್ಲ ಅಂದರೆ ಮುಖ ಸಣ್ಣಗಾಗುವುದು ಸಹಜ. ಆದರೆ ಜನವರಿಯ ಸಿಟ್ಟು ದುಡ್ಡಿಗಿಂತ ಬಹಳ ಹಳೆಯದು. 1965ರ ಜನವರಿಯಲ್ಲಿ ನಾರ್ತ್ ಕ್ಯಾರೊಲಿನಾ ತಂಡ ವೇಕ್ ಫಾರೆಸ್ಟ್‌ಗೆ ಸೋತು ಬಸ್ಸಿನಲ್ಲಿ ವಾಪಸ್ ಬಂದಾಗ, ಕ್ಯಾಂಪಸ್ಸಿನ ಮರಕ್ಕೆ ಯುವ ಕೋಚ್ ಡೀನ್ ಸ್ಮಿತ್ ಅವರ ಪ್ರತಿಕೃತಿ ನೇತಾಡುತ್ತಿತ್ತು. ನೇತುಹಾಕಿದವರು ಅವರದೇ ವಿದ್ಯಾರ್ಥಿಗಳು. ಬಿಲ್ಲಿ ಕನಿಂಗ್‌ಹ್ಯಾಮ್ ಅನ್ನುವ ಆಟಗಾರ ಬಸ್ಸಿಂದ ಇಳಿದು ಹೋಗಿ ಅದನ್ನು ಕಿತ್ತೆಸೆದ. ಆಗ ಆಟಗಾರನಿಗೆ ಸಂಬಳದ ಮಾತೇ ಇರಲಿಲ್ಲ. ಸ್ಮಿತ್ 1997ರವರೆಗೆ ಅಲ್ಲೇ ಇದ್ದು 879 ಪಂದ್ಯ ಗೆದ್ದು ನಿವೃತ್ತರಾದರು.

"ಎಲ್ಲ ಕೋಚ್‌ಗಳನ್ನೂ ಕಾಯಿರಿ, ಎಲ್ಲರೂ ಡೀನ್ ಸ್ಮಿತ್ ಆಗುತ್ತಾರೆ" ಅಂತ ನಾನು ಹೇಳುತ್ತಿಲ್ಲ. ಕೆಲವರು ನಿಜಕ್ಕೂ ತಂಡವನ್ನು ಕಳೆದುಕೊಂಡಿರುತ್ತಾರೆ. ಸ್ಕೋರ್‌ಬೋರ್ಡಿನಲ್ಲಿ ಅದು ಗೊತ್ತಾಗುವುದಿಲ್ಲ. ನಾನು ನೋಡುವುದು ಬೇರೆ. ಒಬ್ಬ ಹುಡುಗ ನೆಲಕ್ಕೆ ಬಿದ್ದಾಗ ಎಬ್ಬಿಸಲು ಎಷ್ಟು ಜನ ಓಡಿ ಬರುತ್ತಾರೆ? ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡುತ್ತಾರೋ, ನಡೆಯುತ್ತಾರೋ? ಟೈಮ್‌ಔಟ್‌ನಲ್ಲಿ ಕೋಚ್ ಮಾತಾಡುವಾಗ ಕಣ್ಣು ಎಲ್ಲಿರುತ್ತದೆ, ಬೋರ್ಡಿನ ಮೇಲೋ, ಗ್ಯಾಲರಿಯ ಮೇಲೋ? ಮುಂದಿನ ಪಂದ್ಯದಲ್ಲಿ ಚೆಂಡು ಬಿಟ್ಟು ಹತ್ತು ನಿಮಿಷ ಇದನ್ನಷ್ಟೇ ನೋಡಿ. ಓಡುತ್ತಿದ್ದರೆ, ಕೋಚ್ ಮಾತು ನಡೆಯುತ್ತಿದೆ ಅಂತಲೇ ಅರ್ಥ.

ತೆಗೆದುಹಾಕುವ ತೀರ್ಪು ಎಷ್ಟು ಜಾರುವ ಸಂಗತಿ ಅನ್ನುವುದಕ್ಕೆ ನಾರ್ತ್ ಕ್ಯಾರೊಲಿನಾ ಸ್ಟೇಟ್ (ಡೀನ್ ಸ್ಮಿತ್ ಅವರದ್ದಲ್ಲ, ಬೇರೆ ಕಾಲೇಜು) ತಂಡದ ಕಥೆ ಇದೆ. 2024ರಲ್ಲಿ ಲೀಗಿನ ಕೊನೆಯ ನಾಲ್ಕೂ ಪಂದ್ಯ ಸೋತು, 17 ಗೆಲುವು 14 ಸೋಲಿನೊಂದಿಗೆ ತಮ್ಮ ಕಾನ್ಫರೆನ್ಸ್ ಆದ ಎಸಿಸಿಯ ಟೂರ್ನಿಗೆ ಹತ್ತನೇ ತಂಡವಾಗಿ ಬಂದರು. ಕೋಚ್ ಕೆವಿನ್ ಕೀಟ್ಸ್ ಕೆಲಸ ಹೋಯಿತು ಅಂತ ಊರೆಲ್ಲ ಮಾತು. ಐದು ದಿನದಲ್ಲಿ ಐದು ಪಂದ್ಯ ಗೆದ್ದು ಕಪ್ ಎತ್ತಿದರು. ಎನ್‌ಸಿಎಎ ಟೂರ್ನಿಯಲ್ಲಿ ಇನ್ನೂ ನಾಲ್ಕು ಗೆದ್ದು 1983ರ ನಂತರ ಮೊದಲ ಬಾರಿಗೆ ಫೈನಲ್ ಫೋರ್, ಅಂದರೆ ಸೆಮಿಫೈನಲ್, ಸೇರಿದರು. ಮರು ವರ್ಷ? 12 ಗೆಲುವು, 19 ಸೋಲು. 18 ತಂಡಗಳ ಲೀಗಿನಲ್ಲಿ 15ಕ್ಕೆ ಟೂರ್ನಿ ಪ್ರವೇಶ, ಅದರೊಳಗೂ ಇವರಿಲ್ಲ. 2025ರ ಮಾರ್ಚ್‌ನಲ್ಲಿ ಕೀಟ್ಸ್ ಮನೆಗೆ ಹೋದರು. ಮಾರ್ಚ್ 2024ರ ಮೊದಲ ವಾರ ತೆಗೆದಿದ್ದರೆ ಆ ಕಪ್ ಬರುತ್ತಿರಲಿಲ್ಲ. ತೆಗೆಯದೆ ಇದ್ದದ್ದಕ್ಕೆ ಮರು ವರ್ಷ ಹಾಗಾಯಿತು ಅಂತಲೂ ವಾದಿಸುವವರಿದ್ದಾರೆ. ಎರಡಕ್ಕೂ ನನ್ನಲ್ಲಿ ಉತ್ತರ ಇಲ್ಲ. ಒಂದು ಮಾತು ಖಚಿತವಾಗಿ ಹೇಳಬಲ್ಲೆ: ಜನವರಿಯ ಎಂಟು ಪಂದ್ಯ ನೋಡಿ ಯಾರನ್ನೂ ತೆಗೆಯಬಾರದು.

ಇಲ್ಲಿ ನಿಮಗೆ ಹೊಳೆಯದ ಒಂದು ಸಂಗತಿ ಇದೆ. ಕೋಚ್ ಬದಲಾದರೆ ಮೊದಲು ಏಟು ಬೀಳುವುದು ಸ್ಟಾರ್ ಆಟಗಾರನಿಗಲ್ಲ. ಅವನನ್ನು ಹತ್ತು ಕಾಲೇಜು ಕರೆಯುತ್ತವೆ. ಏಟು ಬೀಳುವುದು ನಿಮ್ಮ ಮಗನಂಥವರಿಗೆ. ಹೊಸ ಕೋಚ್ ತನ್ನವರನ್ನು ಕರೆತರುತ್ತಾರೆ, ವಾಕ್-ಆನ್ ಹುಡುಗನಿಗೂ ಅವರಿಗೂ ಏನೂ ಸಂಬಂಧ ಇರುವುದಿಲ್ಲ. ಮೊದಲು 13 ಸ್ಕಾಲರ್‌ಶಿಪ್, ಅದರ ಮೇಲೆ ವಾಕ್-ಆನ್ ಎಷ್ಟು ಜನ ಬೇಕಾದರೂ. ಆ ರಾಜಿಯ ಹೊಸ ವ್ಯವಸ್ಥೆಗೆ ಸೇರಿದ ಕಾಲೇಜುಗಳಲ್ಲಿ ಈಗ ಇಡೀ ತಂಡವೇ 15 ಜನ. ಕುರ್ಚಿ ಎಣಿಸಿ ಇಟ್ಟಿದ್ದಾರೆ. ನಿಮ್ಮ ಕಾಲೇಜು ಸೇರಿದೆಯೋ ಇಲ್ಲವೋ ಮಗನನ್ನು ಕೇಳಿ. ಸೇರಿದ್ದರೆ, ಗ್ಯಾಲರಿಯಲ್ಲಿ ಕೂತು ಕೋಚ್ ಹೋಗಲಿ ಅಂತ ಕೂಗುವಾಗ ಸ್ವಲ್ಪ ಮೆಲ್ಲಗೆ ಕೂಗಿ.

ಈಗ ಪೋರ್ಟಲ್. ಜನವರಿಯಲ್ಲಿ ಅವಸರ ಪಟ್ಟು ಪ್ರಯೋಜನವಿಲ್ಲ, ಅದರ ಬಾಗಿಲು ಸೀಸನ್ ಮುಗಿದ ಮೇಲೆ ಕೆಲವೇ ದಿನ ತೆರೆಯುತ್ತದೆ. ಆ ದಿನಗಳು ಈಚೆಗೆ ಮತ್ತೆ ಮತ್ತೆ ಬದಲಾಗಿವೆ, ಕಾಲೇಜಿನಲ್ಲಿ ನಿಯಮ ಪಾಲನೆ ನೋಡುವ ಕಂಪ್ಲಯನ್ಸ್ ಆಫೀಸಿನಲ್ಲೇ ಕೇಳಬೇಕು. ಬೇರೆ ಡಿವಿಷನ್ 1 (ಎನ್‌ಸಿಎಎಯ ಮೇಲಿನ ದರ್ಜೆ) ಕಾಲೇಜಿಗೆ ಹೋಗಬಹುದು. ಆದರೆ ಒಂದು ನಿಮಿಷವೂ ಆಡದ ಹುಡುಗನ ವಿಡಿಯೊ ನೋಡಲು ಕೋಚ್‌ಗಳ ಬಳಿ ಇರುವುದೇನು? ನಾನು ಆ ಕೆಲಸದಲ್ಲಿದ್ದಾಗ ವಸಂತದಲ್ಲಿ ದಿನಕ್ಕೆ ನೂರಾರು ಹೆಸರು ಕಣ್ಣ ಮುಂದೆ ಓಡುತ್ತಿದ್ದವು. ಆಡಿದ ನಿಮಿಷ ಸೊನ್ನೆ ಅಂತಿದ್ದರೆ ತೆರೆದೂ ನೋಡುತ್ತಿರಲಿಲ್ಲ. ಕಟುವಾಗಿ ಕೇಳಿಸಬಹುದು, ಆದರೆ ನಡೆಯುವುದೇ ಹಾಗೆ.

ಓದಿನ ಕಡೆಯ ಅಪಾಯ ಇನ್ನೂ ದೊಡ್ಡದು. ಬೇರೆ ರಾಜ್ಯಕ್ಕೆ ಹೋದರೆ ಸ್ವಂತ ರಾಜ್ಯದವರ ಫೀಸು ಹೋಗಿ ಹೊರಗಿನವರ ಫೀಸು. ಎಂಜಿನಿಯರಿಂಗ್ ಕ್ರೆಡಿಟ್ ಎಲ್ಲವೂ ಹೊಸ ಕಾಲೇಜಿನಲ್ಲಿ ಎಣಿಕೆಗೆ ಬರುವುದಿಲ್ಲ. ಮೂರನೇ ವರ್ಷ ಆಡಬೇಕಾದರೆ ಡಿಗ್ರಿಯ ಶೇಕಡ 40 ಮುಗಿದಿರಬೇಕು ಅನ್ನುವುದು ಎನ್‌ಸಿಎಎ ನಿಯಮ. ಒಂದೆರಡು ಲ್ಯಾಬ್ ಕೋರ್ಸ್ ಲೆಕ್ಕಕ್ಕೆ ಸಿಗದೆ ಅಲ್ಲೇ ಸಿಕ್ಕಿಬಿದ್ದ ಹುಡುಗರನ್ನು ನೋಡಿದ್ದೇನೆ.

ಆಡಲೇಬೇಕು ಅನ್ನುವ ಹಸಿವು ಅವನಿಗೇ ಇದ್ದರೆ, ನಿಮಗಲ್ಲ, ಡಿವಿಷನ್ 3 ಕಾಲೇಜುಗಳನ್ನು ನೋಡಿ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಓದಿಗೆ ಸಿಗಬಹುದು. ಎಷ್ಟೋ ಕಡೆ ಓದೂ ಗಟ್ಟಿ, ಆಟಕ್ಕೂ ಅವಕಾಶ. ಟಿವಿಯಲ್ಲಿ ಬರುವುದಿಲ್ಲ, ನೆಂಟರಿಗೆ ಹೇಳಿಕೊಳ್ಳಲು ಹೆಸರು ದೊಡ್ಡದಿರುವುದಿಲ್ಲ. ಅಷ್ಟೇ ನಷ್ಟ. ನನ್ನ ಮಗನಾಗಿದ್ದರೆ ಪೋರ್ಟಲ್‌ನ ಎಲ್ಲ ದಾರಿಗಳಲ್ಲಿ ಇದನ್ನೇ ಮೊದಲು ತೋರಿಸುತ್ತಿದ್ದೆ.

ಇನ್ನೊಂದು ಸಣ್ಣ ಮಾತು. ಒಂದು ನಿಮಿಷವೂ ಆಡಿಲ್ಲ ಅಂತ ಬೇಸರದಿಂದ ಬರೆದಿದ್ದೀರಿ. ಬಹುಕಾಲದಿಂದ ಬಂದ ನಿಯಮದ ಪ್ರಕಾರ ಆಟಗಾರನಿಗೆ ಐದು ವರ್ಷದೊಳಗೆ ನಾಲ್ಕು ಸೀಸನ್. ಬ್ಯಾಸ್ಕೆಟ್‌ಬಾಲ್‌ನಲ್ಲಿ ಗೆದ್ದಾಗಿರುವ ಪಂದ್ಯದ ಕೊನೆಯ ನಿಮಿಷಕ್ಕೆ ಇಳಿದರೂ ಆ ಸೀಸನ್ ಖರ್ಚಾದಂತೆ. ಆಡದಿದ್ದರೆ ಕೈಯಲ್ಲೇ ಉಳಿಯುತ್ತದೆ. ಈ ನಿಯಮದ ಈಗಿನ ರೂಪ ಏನು, ಮಗನ ಖಾತೆಯಲ್ಲಿ ಎಷ್ಟು ಉಳಿದಿದೆ ಅಂತ ಅದೇ ಕಂಪ್ಲಯನ್ಸ್ ಆಫೀಸಿನವರು ಐದು ನಿಮಿಷದಲ್ಲಿ ಹೇಳುತ್ತಾರೆ. ಕೋಚ್ ಬೇಕಂತಲೇ ಇಳಿಸದೆ ಇಟ್ಟಿರಲೂಬಹುದು.

"ನಿಂಗೆ ಗೊತ್ತಾಗಲ್ಲ" ಅಂತ ಮಗ ಅಂದಿದ್ದರಲ್ಲಿ ಸ್ವಲ್ಪ ನಿಜ ಇದೆ ಅನ್ನಿಸುತ್ತದೆ. ವಾಕ್-ಆನ್‌ಗಳು ಬೆಂಚು ಕಾಯುವುದು ಪಂದ್ಯದ ದಿನ ಮಾತ್ರ. ಉಳಿದ ದಿನ ಅವರು ಸ್ಕೌಟ್ ಟೀಮ್, ಅಂದರೆ ಅಭ್ಯಾಸದಲ್ಲಿ ಎದುರಾಳಿಯ ಹಾಗೆ ಆಡಿ ತೋರಿಸುವವರು. ನಾನು ಸಾಗರದ ಕಡೆಯವನು, ಯಕ್ಷಗಾನ ನೋಡಿ ಬೆಳೆದವನು, ನನಗೆ ಅದು ವೇಷ ಕಟ್ಟಿದ ಹಾಗೆಯೇ ಕಾಣುತ್ತಿತ್ತು. ನಾನು ರಾತ್ರಿ ಕೂತು ಎದುರಾಳಿ ತಂಡದ ಐವತ್ತು ಅರವತ್ತು ವಿಡಿಯೊ ತುಣುಕು ಕತ್ತರಿಸಿ ಕೊಡುತ್ತಿದ್ದೆ. ಬೆಳಗ್ಗೆ ವಾಕ್-ಆನ್ ಹುಡುಗ ಬೇರೆ ಬಣ್ಣದ ಜಾಳಿಗೆ ಬನಿಯನ್ ಹಾಕಿಕೊಂಡು ಬರುತ್ತಿದ್ದ. ಸೋಮವಾರ ಅವನು ಎದುರಾಳಿಯ ಎಡಗೈ ಶೂಟರ್. ಗುರುವಾರ ಇನ್ಯಾರೋ ಪಾಯಿಂಟ್ ಗಾರ್ಡ್. ಅವರ ಪ್ಲೇ, ಅವರ ಸಂಕೇತ, ಡ್ರಿಬಲ್‌ಗೆ ಮುಂಚೆ ಭುಜ ಅಲ್ಲಾಡಿಸುವ ಅಭ್ಯಾಸ, ಎಲ್ಲ ಎರಡೇ ದಿನದಲ್ಲಿ ಕಲಿತು ನಮ್ಮ ಮೊದಲ ಐವರ ಎದುರು ಆಡಬೇಕು. ಮೊದಲೇ ಹೇಳಿದೆನಲ್ಲ, ಕಾನ್ಫರೆನ್ಸ್ ಅಂದರೆ ಒಬ್ಬರನ್ನೊಬ್ಬರು ಅರಿಯುವ ಪೈಪೋಟಿ. ಆ ಅರಿವು ನಮ್ಮ ಐವರಿಗೆ ಸಿಗುವುದು ಈ ಹುಡುಗರ ಮೈಯಿಂದ. ಅವರು ಸೋಮಾರಿತನ ಮಾಡಿದ ವಾರ ನಾವು ಸೋತದ್ದೇ ಜಾಸ್ತಿ.

ಅದಕ್ಕೇ ಪೋರ್ಟಲ್ ಮಾತು ಮಾರ್ಚ್‌ವರೆಗೆ ಎತ್ತಬೇಡಿ. ಮುಂದಿನ ಸಲ ಫೋನಿನಲ್ಲಿ "ಇವತ್ತು ಆಡಿದೆಯಾ?" ಅಂತಲೂ ಕೇಳಬೇಡಿ. ಈ ವಾರ ಯಾವ ನಂಬರಿನವನಾಗಿ ಆಡುತ್ತಿದ್ದೀಯ ಅಂತ ಕೇಳಿ. ಶನಿವಾರ ಗ್ಯಾಲರಿಯಲ್ಲಿ ಕೂತಾಗ ಎದುರಾಳಿ ತಂಡದ ಆ ನಂಬರಿನ ಆಟಗಾರನನ್ನು ಮೊದಲ ಹತ್ತು ನಿಮಿಷ ನೋಡಿ. ಅವನು ಭುಜ ಅಲ್ಲಾಡಿಸುವ ಮೊದಲೇ ನಿಮ್ಮ ತಂಡದವನು ಹೋಗಿ ದಾರಿ ಮುಚ್ಚಿ ನಿಂತಿದ್ದರೆ, ಬೆಂಚಿನ ಕೊನೆಯಲ್ಲಿ ಟವೆಲ್ ಹಿಡಿದು ಎದ್ದು ನಿಂತ ಹುಡುಗನ ಮುಖ ಒಮ್ಮೆ ನೋಡಿ.